ವಿದೇಶಿ ಧನಸಹಾಯದ ಸಂಶೋಧನೆ ಮತ್ತು ಭಾರತದ ರಾಷ್ಟ್ರೀಯ ಭದ್ರತೆ

ವಿದೇಶಿ ಧನಸಹಾಯದ ಸಂಶೋಧನೆ ಎಂದರೆ ಒಂದು ದೇಶದ ವಿಶ್ವವಿದ್ಯಾಲಯದಲ್ಲಿ ಅಥವಾ ಸಂಶೋಧನಾ ಸಂಸ್ಥೆಯಲ್ಲಿ ನಡೆಯುವ ಅಧ್ಯಯನಕ್ಕೆ ಬೇರೊಂದು ದೇಶದ ಸರ್ಕಾರ, ಪ್ರತಿಷ್ಠಾನ, ಕಂಪನಿ ಅಥವಾ ಅಂತರರಾಷ್ಟ್ರೀಯ ಸಂಸ್ಥೆಯು ಹಣ ಒದಗಿಸುವ ವ್ಯವಸ್ಥೆ. ಇಂತಹ ನೆರವಿನಿಂದ ವಿಜ್ಞಾನ, ವೈದ್ಯಕೀಯ, ಕೃಷಿ ಮತ್ತು ಸಮಾಜಶಾಸ್ತ್ರ ಕ್ಷೇತ್ರಗಳಲ್ಲಿ ಮಹತ್ವದ ಕೆಲಸಗಳು ನಡೆದಿವೆ. ಆದರೆ ಹಣ ನೀಡಿದವರ ಉದ್ದೇಶವೇನು, ಸಂಗ್ರಹವಾದ ಮಾಹಿತಿ ಯಾರ ಕೈ ಸೇರುತ್ತದೆ, ಅದನ್ನು ಸೈನಿಕ ಉದ್ದೇಶಕ್ಕೆ ಬಳಸಬಹುದೇ ಎಂಬ ಪ್ರಶ್ನೆಗಳೂ ಜೊತೆಯಲ್ಲಿಯೇ ಹುಟ್ಟುತ್ತವೆ. ಭಾರತದಲ್ಲಿ ಈ ಪ್ರಶ್ನೆಗಳು 1960 ಮತ್ತು 1970ರ ದಶಕಗಳಲ್ಲಿ ಸಂಸತ್ತಿನವರೆಗೆ ಹೋದವು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಇದೇ ವಿಷಯದ ಮೇಲೆ ಪ್ರತ್ಯೇಕ ವರದಿಯನ್ನು ಮಂಡಿಸಿತು. ಇಂದು ಜಾರಿಯಲ್ಲಿರುವ ಅನೇಕ ಅನುಮತಿ ನಿಯಮಗಳನ್ನು ಅರ್ಥಮಾಡಿಕೊಳ್ಳಲು ಆ ಕಾಲದ ವಿವಾದಗಳನ್ನು ತಿಳಿಯುವುದು ಅಗತ್ಯ.

ಭದ್ರತೆಯ ಪ್ರಶ್ನೆ ಹುಟ್ಟುವ ಬಗೆ

ಸಂಶೋಧನೆಯ ಫಲಿತಾಂಶಗಳು ಸಾಮಾನ್ಯವಾಗಿ ನಿಯತಕಾಲಿಕಗಳಲ್ಲಿ ಪ್ರಕಟವಾಗಿ ಎಲ್ಲರಿಗೂ ದೊರೆಯುತ್ತವೆ. ಆದ್ದರಿಂದ ಮೇಲ್ನೋಟಕ್ಕೆ ಇದರಲ್ಲಿ ಗುಟ್ಟೇನೂ ಇಲ್ಲವೆಂದು ತೋರುತ್ತದೆ. ಆದರೂ ಮೂರು ಕಾರಣಗಳಿಂದ ಭದ್ರತೆಯ ಪ್ರಶ್ನೆ ಬರುತ್ತದೆ.

ಮೊದಲನೆಯದು, ಒಂದೇ ಜ್ಞಾನಕ್ಕೆ ಎರಡು ಉಪಯೋಗಗಳಿರುವುದು. ಒಂದು ರೋಗವು ಹೇಗೆ ಹರಡುತ್ತದೆ ಎಂಬುದನ್ನು ಬಲ್ಲವರು ಅದನ್ನು ತಡೆಯಬಲ್ಲರು, ಹರಡಲೂ ಬಲ್ಲರು. ಎರಡನೆಯದು, ಪ್ರಕಟವಾಗುವ ಲೇಖನಕ್ಕೂ ಅದರ ಹಿಂದಿರುವ ಕಚ್ಚಾ ಮಾಹಿತಿಗೂ ಇರುವ ಅಂತರ. ಹತ್ತು ಪುಟಗಳ ಲೇಖನದ ಹಿಂದೆ ಸಾವಿರಾರು ಅಳತೆಗಳು, ನಕ್ಷೆಗಳು, ರಕ್ತದ ಮಾದರಿಗಳು ಇರುತ್ತವೆ. ಅವು ಎಲ್ಲಿ ಉಳಿಯುತ್ತವೆ ಎಂಬುದು ಲೇಖನವನ್ನು ಓದಿದವರಿಗೆ ತಿಳಿಯುವುದಿಲ್ಲ. ಮೂರನೆಯದು, ಹಣದ ಮೂಲವು ಮರೆಯಲ್ಲಿರುವ ಸಾಧ್ಯತೆ. ಸೈನ್ಯ ಅಥವಾ ಗುಪ್ತಚರ ಸಂಸ್ಥೆಯ ಹಣವು ವಿಶ್ವವಿದ್ಯಾಲಯ, ಪ್ರತಿಷ್ಠಾನ ಇಲ್ಲವೇ ಅಂತರರಾಷ್ಟ್ರೀಯ ಸಂಸ್ಥೆಯ ಮೂಲಕ ಹಾದು ಬಂದಾಗ, ಅದನ್ನು ಪಡೆದವರಿಗೇ ಅದರ ಮೂಲ ತಿಳಿದಿರುವುದಿಲ್ಲ.

ಹಿನ್ನೆಲೆ

ಸ್ವಾತಂತ್ರ್ಯಾನಂತರ ಭಾರತದ ಉನ್ನತ ಶಿಕ್ಷಣವು ಬೆಳೆದದ್ದರಲ್ಲಿ ಹೊರದೇಶಗಳ ನೆರವಿನ ಪಾಲು ದೊಡ್ಡದು. ಮುಂಬಯಿಯ ಐಐಟಿಗೆ ಸೋವಿಯತ್ ಒಕ್ಕೂಟ, ಮದರಾಸಿನ ಐಐಟಿಗೆ ಪಶ್ಚಿಮ ಜರ್ಮನಿ, ಕಾನ್ಪುರದ ಐಐಟಿಗೆ ಅಮೆರಿಕದ ವಿಶ್ವವಿದ್ಯಾಲಯಗಳ ಒಕ್ಕೂಟ ನೆರವಾದವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರಂಭದ ವರ್ಷಗಳಲ್ಲಿ ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದ ಸಹಕಾರವಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಒಟ್ಟಾಗಿ ಸ್ಥಾಪಿಸಿದವು. ಇದೇ ಕೇಂದ್ರವು 1978ರಲ್ಲಿ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಎಂಬ ಹೆಸರನ್ನು ಪಡೆಯಿತು.

ಈ ಅವಧಿಯ ಅನೇಕ ಸಂಶೋಧನಾ ಯೋಜನೆಗಳಿಗೆ ಹಣ ಬಂದದ್ದು ಪಿಎಲ್-480 ಎಂಬ ಅಮೆರಿಕದ ಕಾನೂನಿನ ಮೂಲಕ. 1954ರ ಈ ಕಾನೂನಿನಂತೆ ಅಮೆರಿಕವು ತನ್ನ ಹೆಚ್ಚುವರಿ ಗೋಧಿಯನ್ನು ಭಾರತಕ್ಕೆ ಮಾರಿ, ಬೆಲೆಯನ್ನು ಡಾಲರಿನ ಬದಲು ರೂಪಾಯಿಯಲ್ಲಿಯೇ ಸ್ವೀಕರಿಸುತ್ತಿತ್ತು. ಹೀಗೆ ಭಾರತದಲ್ಲಿಯೇ ಸಂಗ್ರಹವಾದ ಅಪಾರ ರೂಪಾಯಿಯ ಒಂದು ಭಾಗವನ್ನು ಅಮೆರಿಕದ ಇಲಾಖೆಗಳು ಇಲ್ಲಿನ ಸಂಶೋಧನೆಗೆ ಬಳಸಿದವು. ಅಮೆರಿಕದ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡದ್ದೂ ಈ ಹಣದಿಂದಲೇ. 1974ರ ಫೆಬ್ರುವರಿಯಲ್ಲಿ ಉಳಿಕೆ ಹಣದ ಬಹುಭಾಗವನ್ನು ಭಾರತಕ್ಕೆ ಬಿಟ್ಟುಕೊಡುವ ಒಪ್ಪಂದವಾಗಿ, ಅಮೆರಿಕದ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಅವರು 1,664 ಕೋಟಿ ರೂಪಾಯಿಯ ಚೆಕ್ಕನ್ನು ಭಾರತ ಸರ್ಕಾರಕ್ಕೆ ಹಸ್ತಾಂತರಿಸಿದರು.

ಗಡಿನಾಡಿನ ಅಧ್ಯಯನಗಳು

ಸಂಶಯದ ಮೊದಲ ಅಲೆ ಸಮಾಜಶಾಸ್ತ್ರದ ಅಧ್ಯಯನಗಳ ಸುತ್ತ ಎದ್ದಿತು. ಅಮೆರಿಕದ ಸೈನ್ಯವು ಅಮೆರಿಕನ್ ವಿಶ್ವವಿದ್ಯಾಲಯದ ಒಂದು ಕಚೇರಿಯ ಮೂಲಕ ‘ಪ್ರಾಜೆಕ್ಟ್ ಕ್ಯಾಮೆಲಾಟ್’ ಎಂಬ ಯೋಜನೆಯನ್ನು ರೂಪಿಸಿತ್ತು. ಬಡ ರಾಷ್ಟ್ರಗಳಲ್ಲಿ ದಂಗೆಗಳು ಏಕೆ ಏಳುತ್ತವೆ ಎಂಬುದನ್ನು ತಿಳಿಯುವುದು ಅದರ ಗುರಿಯಾಗಿತ್ತು. ಚಿಲಿ ದೇಶದಲ್ಲಿ ಅದರ ಹಿಂದಿದ್ದ ಸೈನ್ಯದ ಪಾತ್ರ ಬಯಲಾದುದರಿಂದ 1965ರ ಜುಲೈಯಲ್ಲಿ ಯೋಜನೆಯನ್ನು ರದ್ದುಪಡಿಸಲಾಯಿತು. ಸಿಐಎ ಸಂಸ್ಥೆಯ ಹಣವು ವಿದ್ಯಾರ್ಥಿ ಸಂಘಟನೆಗಳಿಗೂ ಪ್ರತಿಷ್ಠಾನಗಳಿಗೂ ಮರೆಯಲ್ಲಿ ಹರಿದಿತ್ತೆಂಬುದು 1967ರಲ್ಲಿ ಬೆಳಕಿಗೆ ಬಂತು. ಅಂತಹ ಹಣ ಪಡೆದಿದ್ದ ಏಷ್ಯಾ ಫೌಂಡೇಶನ್ ಮರುವರ್ಷ ಭಾರತದಲ್ಲಿನ ತನ್ನ ಕಾರ್ಯವನ್ನು ಮುಚ್ಚಬೇಕಾಯಿತು.

ಇದೇ ಸಮಯದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರವು ಕೈಗೊಂಡಿದ್ದ ಹಿಮಾಲಯ ಗಡಿ ರಾಷ್ಟ್ರಗಳ ಅಧ್ಯಯನಕ್ಕೆ ಅಮೆರಿಕದ ರಕ್ಷಣಾ ಇಲಾಖೆ ಹಣ ನೀಡುತ್ತಿದೆಯೆಂಬುದು ತಿಳಿದುಬಂದಿತು. 1962ರ ಚೀನಾ ಯುದ್ಧದ ನೆನಪು ಹಸಿಯಾಗಿದ್ದ ಕಾಲ ಅದು. ಗಡಿಯ ಜನರ ಬಗ್ಗೆ ವಿದೇಶಿ ರಕ್ಷಣಾ ಇಲಾಖೆಯೊಂದು ಮಾಹಿತಿ ಸಂಗ್ರಹಿಸುವುದಕ್ಕೆ ಭಾರತದಲ್ಲಿ ತೀವ್ರ ವಿರೋಧ ಬಂದು, ಯೋಜನೆಯನ್ನು ಕೈಬಿಡಲಾಯಿತು. ಅದೇ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಜೆರಾಲ್ಡ್ ಬೆರೆಮನ್ ಅವರು ಈ ಬಗೆಯ ಸಂಶೋಧನೆಯನ್ನು ಬಹಿರಂಗವಾಗಿ ಟೀಕಿಸಿದರು. ಹಿಮಾಲಯದ ಹಳ್ಳಿಯೊಂದರಲ್ಲಿ ಬಹುಕಾಲ ಅಧ್ಯಯನ ನಡೆಸಿದ್ದ ಅವರ ಮುಖ್ಯ ಆಕ್ಷೇಪವೆಂದರೆ, ಸೈನ್ಯದ ಹಣ ಒಂದು ಯೋಜನೆಗೆ ಬಂದರೂ ಆ ಪ್ರದೇಶದಲ್ಲಿ ಕೆಲಸ ಮಾಡುವ ಎಲ್ಲ ಸಂಶೋಧಕರ ಮೇಲಿನ ನಂಬಿಕೆ ಹಾಳಾಗುತ್ತದೆ ಎಂಬುದು.

ಮಂಗನ ಕಾಯಿಲೆ ಮತ್ತು ಹಕ್ಕಿಗಳ ವಲಸೆಯ ಅಧ್ಯಯನ

ಎರಡನೆಯ ವಿವಾದದ ಮೂಲ ಕರ್ನಾಟಕದ ಮಲೆನಾಡಿನಲ್ಲಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗರಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸತ್ತ ಮಂಗಗಳಿಂದ ಹೊಸ ವೈರಾಣುವೊಂದನ್ನು ಪ್ರತ್ಯೇಕಿಸಿದರು. ಕ್ಯಾಸನೂರು ಅರಣ್ಯ ಕಾಯಿಲೆ ಎಂದು ವಿಜ್ಞಾನದಲ್ಲಿ ಹೆಸರಾದ ಇದನ್ನು ಜನರು ಮಂಗನ ಕಾಯಿಲೆ ಎಂದು ಕರೆಯುತ್ತಾರೆ. ವಿದೇಶಿ ಪ್ರತಿಷ್ಠಾನದ ನೆರವಿನಿಂದ ನಿಂತ ಕೇಂದ್ರವೊಂದು ಇರದಿದ್ದರೆ ಈ ರೋಗವನ್ನು ಇಷ್ಟು ಬೇಗ ಗುರುತಿಸುವುದು ಕಷ್ಟವಾಗುತ್ತಿತ್ತು.

ಈ ವೈರಾಣುವು ರಷ್ಯಾದಲ್ಲಿ ಕಂಡುಬರುವ, ಉಣುಗುಗಳಿಂದ ಹರಡುವ ಮಿದುಳುಜ್ವರದ ವೈರಾಣುವಿಗೆ ಹತ್ತಿರದ ಸಂಬಂಧಿಯಾಗಿತ್ತು. ಆದುದರಿಂದ ಉತ್ತರದ ಸೈಬೀರಿಯಾದಿಂದ ಚಳಿಗಾಲದಲ್ಲಿ ಬರುವ ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳೇ ಅದನ್ನು ತಂದಿರಬಹುದೆಂಬ ಊಹೆ ಹುಟ್ಟಿತು. ಇದನ್ನು ಪರೀಕ್ಷಿಸಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸುವ ಕಾರ್ಯವನ್ನು ಆರಂಭಿಸಿತು. ಮುಂದೆ 1960ರ ದಶಕದಲ್ಲಿ ಈ ಕಾರ್ಯಕ್ಕೆ ಬ್ಯಾಂಕಾಕಿನಲ್ಲಿ ಕೇಂದ್ರವಿದ್ದ, ವಲಸೆ ಪ್ರಾಣಿಗಳ ರೋಗ ಸಮೀಕ್ಷೆ ಎಂಬ ಯೋಜನೆಯಿಂದ ಹಣ ಬರತೊಡಗಿತು. ಆ ಯೋಜನೆಗೆ ಹಣ ಕೊಡುತ್ತಿದ್ದುದು ಅಮೆರಿಕದ ಸೈನ್ಯ.

ಅಧ್ಯಯನದಿಂದ ಏಷ್ಯಾದ ಹಕ್ಕಿಗಳ ವಲಸೆ ಮಾರ್ಗಗಳ ಬಗ್ಗೆ ಅಮೂಲ್ಯ ಜ್ಞಾನ ದೊರೆಯಿತು. ವಲಸೆ ಹಕ್ಕಿಗಳು ಮಂಗನ ಕಾಯಿಲೆಯನ್ನು ತಂದವೆಂಬ ಊಹೆ ಮಾತ್ರ ದೃಢಪಡಲಿಲ್ಲ. ಆ ಕಾಯಿಲೆ ಕಾಡಿನ ಉಣುಗುಗಳಿಂದಲೇ ಹರಡುತ್ತದೆ. ಆದರೆ ವಲಸೆ ಹಕ್ಕಿಗಳು ಒಯ್ಯಬಲ್ಲ ವೈರಾಣುಗಳ ಬಗ್ಗೆ ಸೈನ್ಯಕ್ಕೆ ಏಕೆ ಆಸಕ್ತಿ ಎಂಬ ಪ್ರಶ್ನೆ ಉಳಿಯಿತು. ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರು 1969ರ ನವೆಂಬರಿನಲ್ಲಿ ಜೈವಿಕ ಅಸ್ತ್ರಗಳನ್ನು ತ್ಯಜಿಸುವುದಾಗಿ ಘೋಷಿಸುವವರೆಗೆ ಆ ದೇಶದಲ್ಲಿ ಅಂತಹ ಅಸ್ತ್ರಗಳ ಸಂಶೋಧನೆ ನಡೆದಿದ್ದುದು ಈ ಅನುಮಾನಕ್ಕೆ ಬಲ ಕೊಟ್ಟಿತು. ಸಲೀಂ ಅಲಿಯವರು ತಮ್ಮ ಅಧ್ಯಯನದ ಮೇಲಿನ ಆರೋಪವನ್ನು ಒಪ್ಪಲಿಲ್ಲ.

ಸೊಳ್ಳೆ ನಿಯಂತ್ರಣ ಘಟಕ

ಅತ್ಯಂತ ದೊಡ್ಡ ವಿವಾದ ನಡೆದುದು ಸೊಳ್ಳೆಗಳ ಆನುವಂಶಿಕ ನಿಯಂತ್ರಣ ಸಂಶೋಧನಾ ಘಟಕದ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಜೊತೆಗೂಡಿ ಇದನ್ನು ದೆಹಲಿಯಲ್ಲಿ ನಡೆಸುತ್ತಿದ್ದವು. ಹಣವು ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಪಿಎಲ್-480 ನಿಧಿಯಿಂದ ಬರುತ್ತಿತ್ತು. ಸಂತಾನಶಕ್ತಿ ಇಲ್ಲದಂತೆ ಮಾಡಿದ ಗಂಡು ಸೊಳ್ಳೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಬಿಟ್ಟರೆ ಹೆಣ್ಣು ಸೊಳ್ಳೆಗಳ ಮೊಟ್ಟೆಗಳು ಮರಿಯಾಗದೆ ಸೊಳ್ಳೆಗಳ ಸಂಖ್ಯೆ ಕುಗ್ಗುತ್ತದೆ ಎಂಬ ತತ್ತ್ವದ ಮೇಲೆ ಪ್ರಯೋಗಗಳು ನಡೆದವು. ಆನೆಕಾಲು ರೋಗ, ಡೆಂಗಿ ಮತ್ತು ಮಲೇರಿಯಾ ಹರಡುವ ಮೂರು ಬಗೆಯ ಸೊಳ್ಳೆಗಳು ಅಧ್ಯಯನದ ವಸ್ತುವಾಗಿದ್ದವು.

1974ರ ಜುಲೈಯಲ್ಲಿ ಪಿಟಿಐ ಸುದ್ದಿಸಂಸ್ಥೆಯು ಈ ಘಟಕ ಮತ್ತು ಇತರ ಕೆಲವು ಯೋಜನೆಗಳ ಬಗ್ಗೆ ಪ್ರಶ್ನೆಗಳನ್ನೆತ್ತಿ ವರದಿ ಪ್ರಕಟಿಸಿತು. ಮುಖ್ಯ ಆಕ್ಷೇಪಗಳು ಹೀಗಿದ್ದವು:

ಒಂದು, ಮಲೇರಿಯಾ ಮರಳಿ ಹೆಚ್ಚುತ್ತಿದ್ದ ಕಾಲದಲ್ಲಿ ಈಡಿಸ್ ಈಜಿಪ್ಟೈ ಎಂಬ ಸೊಳ್ಳೆಗೆ ಅಷ್ಟೊಂದು ಮಹತ್ವ ಏಕೆ ಎಂಬುದು. ಈ ಸೊಳ್ಳೆಯು ಡೆಂಗಿಯನ್ನಷ್ಟೇ ಅಲ್ಲದೆ ಹಳದಿ ಜ್ವರವನ್ನೂ ಹರಡಬಲ್ಲದು. ಹಳದಿ ಜ್ವರವು ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಲ್ಲಿದೆ, ಭಾರತದಲ್ಲಿಲ್ಲ. ಭಾರತದ ಪಟ್ಟಣವೊಂದರಲ್ಲಿ ಈ ಸೊಳ್ಳೆ ಎಷ್ಟಿದೆ, ಎಷ್ಟು ದೂರ ಹಾರುತ್ತದೆ, ಎಷ್ಟು ದಿನ ಬದುಕುತ್ತದೆ ಎಂಬ ಲೆಕ್ಕವು ಸೊಳ್ಳೆ ನಿಯಂತ್ರಣಕ್ಕೆ ಬೇಕು. ಶತ್ರುವೊಬ್ಬನು ಆ ರೋಗವನ್ನು ಇಲ್ಲಿ ಬಿತ್ತಬಯಸಿದರೆ ಅವನಿಗೂ ಅದೇ ಲೆಕ್ಕ ಬೇಕು.

ಎರಡು, ಗಂಡು ಸೊಳ್ಳೆಗಳ ಸಂತಾನಶಕ್ತಿ ಕಳೆಯಲು ಬಳಸಿದ ಥಯೋಟೆಪಾ ಎಂಬ ರಾಸಾಯನಿಕದಿಂದ ಹಳ್ಳಿಗಳ ಕುಡಿಯುವ ನೀರಿಗೆ ಅಪಾಯವಿದೆಯೇ ಎಂಬುದು.

ಮೂರು, ಸಂಗ್ರಹವಾದ ಮಾಹಿತಿಯ ಒಡೆತನ ಮತ್ತು ಕೆಲಸದ ನಿರ್ದೇಶನ ಭಾರತೀಯರ ಕೈಯಲ್ಲಿ ಎಷ್ಟರಮಟ್ಟಿಗೆ ಇದೆ ಎಂಬುದು.

ವಿಶ್ವ ಆರೋಗ್ಯ ಸಂಸ್ಥೆಯು ಜೈವಿಕ ಯುದ್ಧದ ಆರೋಪವನ್ನು ಸಂಪೂರ್ಣವಾಗಿ ನಿರಾಕರಿಸಿತು. ಹರಿಯಾಣದ ಸೋನಿಪತ್ ಪಟ್ಟಣದಲ್ಲಿ 1975ರಲ್ಲಿ ನಡೆಯಬೇಕಾಗಿದ್ದ ಈಡಿಸ್ ಸೊಳ್ಳೆಗಳ ಬಿಡುಗಡೆಯ ಪ್ರಯೋಗವನ್ನು ಸರ್ಕಾರ ತಡೆಯಿತು. ಅದೇ ವರ್ಷ ಘಟಕವೂ ಮುಚ್ಚಿತು.

ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ವರದಿ

ಸರ್ಕಾರದ ಖರ್ಚುವೆಚ್ಚಗಳನ್ನು ಪರಿಶೀಲಿಸುವ ಈ ಸಂಸದೀಯ ಸಮಿತಿಯ ಅಧ್ಯಕ್ಷರಾಗಿ ಆಗ ಜ್ಯೋತಿರ್ಮಯ್ ಬಸು ಅವರಿದ್ದರು. ಐದನೆಯ ಲೋಕಸಭೆಯ ಅವಧಿಯಲ್ಲಿ, 1975ರ ಏಪ್ರಿಲಿನಲ್ಲಿ, ಸಮಿತಿಯು ಭಾರತದ ಸಂಶೋಧನಾ ಯೋಜನೆಗಳಲ್ಲಿ ವಿದೇಶಿಯರ ಪಾಲ್ಗೊಳ್ಳುವಿಕೆಯನ್ನು ಕುರಿತ ತನ್ನ 167ನೆಯ ವರದಿಯನ್ನು ಸಲ್ಲಿಸಿತು. ಸೊಳ್ಳೆ ಘಟಕ ಮತ್ತು ಹಕ್ಕಿ ವಲಸೆಯ ಅಧ್ಯಯನ ಅದರಲ್ಲಿ ಮುಖ್ಯವಾಗಿದ್ದವು.

ಇಂತಹ ಯೋಜನೆಗಳಿಂದ ಭಾರತಕ್ಕಿಂತ ಹಣ ನೀಡಿದವರಿಗೇ ಹೆಚ್ಚಿನ ಪ್ರಯೋಜನವಾಗುವಂತಿದೆ ಎಂಬುದು ಸಮಿತಿಯ ಅಭಿಪ್ರಾಯದ ಸಾರ. ಅನುಮತಿ ನೀಡುವಾಗ ಸಂಬಂಧಪಟ್ಟ ಇಲಾಖೆಗಳು ಸಾಕಷ್ಟು ವಿಚಾರಿಸಿರಲಿಲ್ಲವೆಂದು ಅದು ಕಟುವಾಗಿ ಟೀಕಿಸಿ, ಮುಂದೆ ಬಿಗಿಯಾದ ಪರಿಶೀಲನೆ ಇರಬೇಕೆಂದು ಸೂಚಿಸಿತು. ಜೈವಿಕ ಯುದ್ಧದ ಸಿದ್ಧತೆ ನಡೆದಿತ್ತೆಂಬುದಕ್ಕೆ ನೇರವಾದ ಪುರಾವೆಯೇನೂ ಬಹಿರಂಗವಾಗಲಿಲ್ಲ. ಸಮಿತಿಯು ಎತ್ತಿ ತೋರಿಸಿದ್ದು ಮುಖ್ಯವಾಗಿ ಸಾಧ್ಯತೆಯನ್ನು ಮತ್ತು ಆ ಸಾಧ್ಯತೆಯನ್ನು ಯಾರೂ ಮೊದಲೇ ಆಲೋಚಿಸದಿದ್ದುದನ್ನು ಎಂಬುದನ್ನು ಗಮನಿಸಬೇಕು.

ಪರಿಣಾಮಗಳು

ಈ ವಿವಾದಗಳಿಂದ ಲಾಭವೂ ನಷ್ಟವೂ ಆದವು. ವಿದೇಶಿ ನೆರವಿನ ಸಂಶೋಧನೆಗೆ ಪೂರ್ವಾನುಮತಿ ಬೇಕೆಂಬ ತತ್ತ್ವ ನೆಲೆಗೊಂಡಿತು. ರೋಗವಾಹಕ ಕೀಟಗಳ ನಿಯಂತ್ರಣಕ್ಕಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1975ರಲ್ಲಿ ಪುದುಚೇರಿಯಲ್ಲಿ ತನ್ನದೇ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿತು.

ಇನ್ನೊಂದೆಡೆ, ನಡೆಯುತ್ತಿದ್ದ ಕೆಲಸಗಳು ಅರ್ಧಕ್ಕೆ ನಿಂತವು. ಪಂಜಾಬಿನ ಲೂಧಿಯಾನ ಸಮೀಪದ ನಾರಂಗವಾಲದಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಹಭಾಗಿತ್ವದಲ್ಲಿ ನಡೆಯುತ್ತಿದ್ದ ಗ್ರಾಮೀಣ ಆರೋಗ್ಯ ಸಂಶೋಧನೆ ಎರಡು ದೇಶಗಳ ಸಂಬಂಧ ಕೆಟ್ಟಿದ್ದ ಈ ಅವಧಿಯಲ್ಲೇ, 1974ರಲ್ಲಿ ಕೊನೆಗೊಂಡಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು ಮನೆಯಲ್ಲಿಯೇ ಔಷಧ ಕೊಟ್ಟು ಮಕ್ಕಳ ನ್ಯುಮೋನಿಯಾ ಸಾವುಗಳನ್ನು ತಗ್ಗಿಸಬಹುದೆಂದು ತೋರಿಸಿದ ಮೊದಲ ಅಧ್ಯಯನಗಳಲ್ಲಿ ಅದೂ ಒಂದು. ಸೊಳ್ಳೆಗಳ ಮೂಲಕವೇ ಸೊಳ್ಳೆಗಳನ್ನು ನಿಯಂತ್ರಿಸುವ ವಿಧಾನದಲ್ಲಿ ಭಾರತಕ್ಕಿದ್ದ ಮುನ್ನಡೆಯೂ ಕಳೆದುಹೋಯಿತು. ಮುಂದೆ ಈಡಿಸ್ ಸೊಳ್ಳೆ ಹರಡುವ ಡೆಂಗಿಯು ದೇಶದ ದೊಡ್ಡ ಆರೋಗ್ಯ ಸಮಸ್ಯೆಯಾಗಿ ಬೆಳೆಯಿತು. 2022ರಲ್ಲಿ ಪುದುಚೇರಿಯ ಕೇಂದ್ರವು ಡೆಂಗಿ ತಡೆಗಾಗಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯವಿರುವ ಈಡಿಸ್ ಸೊಳ್ಳೆಗಳನ್ನು ಬೆಳೆಸಿರುವುದಾಗಿ ಪ್ರಕಟಿಸಿತು.

ಪ್ರಸ್ತುತ ಕಾನೂನು ವ್ಯವಸ್ಥೆ

ಭಾರತದಲ್ಲಿ ಈ ವಿಷಯವನ್ನು ಒಂದೇ ಕಾನೂನು ನಿಯಂತ್ರಿಸುವುದಿಲ್ಲ. ಮುಖ್ಯವಾದ ಏರ್ಪಾಡುಗಳು ಇವು:

ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆ: ಮೊದಲ ಕಾಯ್ದೆ 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ ಬಂತು. ಅದರ ಸ್ಥಾನದಲ್ಲಿ ಬಂದ 2010ರ ಕಾಯ್ದೆ 2011ರ ಮೇ 1ರಿಂದ ಜಾರಿಯಲ್ಲಿದೆ. 2020ರ ತಿದ್ದುಪಡಿಯಂತೆ ವಿದೇಶಿ ದೇಣಿಗೆಯನ್ನು ಪಡೆದ ಸಂಸ್ಥೆಯು ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಲಾಗಿದೆ; ಹಣವು ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಬರಬೇಕು. ಹಲವು ಸಂಸ್ಥೆಗಳು ಕೂಡಿ ಮಾಡುವ ಸಂಶೋಧನೆಗೆ ವರ್ಗಾವಣೆಯ ನಿಷೇಧ ತೊಡಕಾಗಿದೆ. ಶಾಸನದ ಮೂಲಕ ಸ್ಥಾಪನೆಯಾಗಿ, ಮಹಾಲೇಖಪಾಲರ ಕಡ್ಡಾಯ ಲೆಕ್ಕಪರಿಶೋಧನೆಗೆ ಒಳಪಟ್ಟ ಸಂಸ್ಥೆಗಳಿಗೆ ಈ ಕಾಯ್ದೆಯಿಂದ ವಿನಾಯಿತಿ ಇದೆ. ವಿದೇಶಿ ವಿದ್ಯಾರ್ಥಿಗಳು ಕಟ್ಟುವ ಶುಲ್ಕ ದೇಣಿಗೆಯಾಗುವುದಿಲ್ಲ.

ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ: ವಿದೇಶಿ ನೆರವು ಅಥವಾ ಸಹಭಾಗಿತ್ವವಿರುವ ಆರೋಗ್ಯ ಸಂಶೋಧನೆಗಳನ್ನು ಈ ಸಮಿತಿ ಪರಿಶೀಲಿಸುತ್ತದೆ. ಜೈವಿಕ ಮಾದರಿಗಳನ್ನು ಹೊರದೇಶಕ್ಕೆ ಕಳುಹಿಸುವ ಪ್ರಶ್ನೆಯೂ ಇದರಲ್ಲಿ ಸೇರಿದೆ.

ಜೀವವೈವಿಧ್ಯ ಕಾಯ್ದೆ, 2002: ಭಾರತದ ಜೈವಿಕ ಸಂಪನ್ಮೂಲಗಳನ್ನು ಸಂಶೋಧನೆಗಾಗಿ ಪಡೆಯುವ ವಿದೇಶಿಯರು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಪಡೆಯಬೇಕು.

ವಿಶ್ವವಿದ್ಯಾಲಯ ಅನುದಾನ ಆಯೋಗದ ಸೂಚನೆ: ಚೀನಾದ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಳ್ಳುವ ಮೊದಲು ಗೃಹ ಮತ್ತು ವಿದೇಶಾಂಗ ಸಚಿವಾಲಯಗಳ ಅನುಮತಿ ಬೇಕೆಂದು ಆಯೋಗವು 2019ರಲ್ಲಿ ಸೂಚಿಸಿತು.

ಇತ್ತೀಚಿನ ಪ್ರಕರಣಗಳು

ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ವಿಜ್ಞಾನಿಗಳು ಪಾಲ್ಗೊಂಡಿದ್ದ, ನಾಗಾಲ್ಯಾಂಡಿನ ಬಾವಲಿಗಳು ಮತ್ತು ಅವುಗಳನ್ನು ಬೇಟೆಯಾಡುವ ಜನರ ರಕ್ತದಲ್ಲಿನ ಪ್ರತಿಕಾಯಗಳನ್ನು ಕುರಿತ ಅಧ್ಯಯನವು 2019ರಲ್ಲಿ ಪ್ರಕಟವಾಯಿತು. ಲೇಖಕರ ಪಟ್ಟಿಯಲ್ಲಿ ಚೀನಾದ ವುಹಾನ್ ವೈರಾಣು ಸಂಸ್ಥೆಯ ಸಂಶೋಧಕರ ಹೆಸರೂ, ಧನಸಹಾಯದ ವಿವರದಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಒಂದು ಸಂಸ್ಥೆಯ ಹೆಸರೂ ಇದ್ದವು. 2020ರ ಆರಂಭದಲ್ಲಿ ಈ ಬಗ್ಗೆ ಸರ್ಕಾರ ವಿಚಾರಣೆ ನಡೆಸುತ್ತಿರುವ ಸುದ್ದಿ ಬಂತು. ಮಾದರಿಗಳನ್ನು ಹೊರದೇಶಕ್ಕೆ ಕಳುಹಿಸಿಲ್ಲವೆಂದೂ, ವುಹಾನಿನವರು ಕ್ಷೇತ್ರಕಾರ್ಯದಲ್ಲಿ ಭಾಗವಹಿಸಿಲ್ಲವೆಂದೂ ಕೇಂದ್ರವು ಸ್ಪಷ್ಟನೆ ನೀಡಿತು. ಕಾಡುಪ್ರಾಣಿಗಳಿಂದ ಮನುಷ್ಯರಿಗೆ ಬರುವ ವೈರಾಣು, ಗಡಿರಾಜ್ಯ, ವಿದೇಶಿ ರಕ್ಷಣಾ ಇಲಾಖೆಯ ಹಣ — ಹಿಂದಿನ ವಿವಾದಗಳ ಅಂಶಗಳೆಲ್ಲ ಇಲ್ಲಿ ಮತ್ತೆ ಒಟ್ಟಾಗಿದ್ದವು.

2021ರ ಜನವರಿಯಲ್ಲಿ ಶಿಕ್ಷಣ ಸಚಿವಾಲಯವು ದೇಶದ ಭದ್ರತೆ, ಗಡಿ ಮೊದಲಾದ ವಿಷಯಗಳ ಅಂತರರಾಷ್ಟ್ರೀಯ ಆನ್‌ಲೈನ್ ಸಮ್ಮೇಳನಗಳಿಗೂ ಪೂರ್ವಾನುಮತಿ ಬೇಕೆಂದು ಸೂಚಿಸಿತು. ಯಾವ ವಿಷಯ ಭದ್ರತೆಗೆ ಸೇರುತ್ತದೆ ಎಂಬುದು ಅಸ್ಪಷ್ಟವಾಗಿದೆಯೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿದಂತೆ ಅನೇಕರು ಆಕ್ಷೇಪಿಸಿದ ಬಳಿಕ ಸೂಚನೆಯನ್ನು ಹಿಂತೆಗೆದುಕೊಳ್ಳಲಾಯಿತು.

ಇತರ ದೇಶಗಳಲ್ಲಿ

ಒಂದು ಕಾಲದಲ್ಲಿ ಹಣ ಕೊಡುವ ದೇಶವಾಗಿ ಸಂಶಯಕ್ಕೆ ಗುರಿಯಾಗಿದ್ದ ಅಮೆರಿಕವೇ ಈಗ ತನ್ನ ವಿಶ್ವವಿದ್ಯಾಲಯಗಳಿಗೆ ಬರುವ ವಿದೇಶಿ ಹಣದ ಬಗ್ಗೆ ಚಿಂತಿಸುತ್ತಿದೆ. ಅಲ್ಲಿನ 1986ರ ಕಾನೂನಿನಂತೆ ವರ್ಷಕ್ಕೆ 2,50,000 ಡಾಲರ್ ಅಥವಾ ಹೆಚ್ಚಿನ ವಿದೇಶಿ ಕೊಡುಗೆ ಹಾಗೂ ಒಪ್ಪಂದಗಳನ್ನು ವಿಶ್ವವಿದ್ಯಾಲಯಗಳು ಸರ್ಕಾರಕ್ಕೆ ತಿಳಿಸಬೇಕು. ಮೂಲಭೂತ ಸಂಶೋಧನೆಯ ಫಲಿತಾಂಶಗಳು ಆದಷ್ಟು ಮುಕ್ತವಾಗಿರಬೇಕೆಂಬ 1985ರ ಅಧ್ಯಕ್ಷೀಯ ನಿರ್ದೇಶನವೂ ಅಲ್ಲಿದೆ.

2018ರ ನವೆಂಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ‘ಚೀನಾ ಇನಿಷಿಯೇಟಿವ್’ ಎಂಬ ಕಾರ್ಯಾಚರಣೆಯನ್ನು ಆರಂಭಿಸಿತು. ಹಾರ್ವರ್ಡಿನ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಲೀಬರ್ ಅವರು ಚೀನಾದೊಡನೆ ತಮಗಿದ್ದ ಸಂಬಂಧದ ಬಗ್ಗೆ ಸುಳ್ಳು ಹೇಳಿದ್ದಕ್ಕಾಗಿ 2021ರ ಡಿಸೆಂಬರಿನಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಆದರೆ ಎಂಐಟಿಯ ಗಾಂಗ್ ಚೆನ್ ಅವರ ಮೇಲಿನ ಆರೋಪಗಳನ್ನು ಬಂಧನವಾದ ಒಂದು ವರ್ಷದ ನಂತರ ಕೈಬಿಡಲಾಯಿತು. ಟೆನೆಸೀ ವಿಶ್ವವಿದ್ಯಾಲಯದ ಆನ್‌ಮಿಂಗ್ ಹು ಅವರನ್ನು ನ್ಯಾಯಾಲಯ ಖುಲಾಸೆ ಮಾಡಿತು. ಚೀನೀ ಮೂಲದವರನ್ನು ಗುರಿಮಾಡಲಾಗುತ್ತಿದೆ ಎಂಬ ಟೀಕೆಯ ನಡುವೆ 2022ರ ಫೆಬ್ರುವರಿಯಲ್ಲಿ ಕಾರ್ಯಾಚರಣೆಯನ್ನು ಕೊನೆಗೊಳಿಸಲಾಯಿತು.

ವಾದಗಳು

ಬಿಗಿಯಾದ ನಿಯಂತ್ರಣ ಬೇಕೆನ್ನುವವರು, ಬಡ ದೇಶವು ಹಣದ ಆಸೆಗೆ ತನ್ನ ನೆಲ, ಜಲ ಮತ್ತು ಜನರ ಮಾಹಿತಿಯನ್ನು ಬಿಟ್ಟುಕೊಡಬಾರದೆಂದೂ, ಅಪಾಯ ಸಾಬೀತಾಗುವವರೆಗೆ ಕಾಯುವುದು ಜಾಣತನವಲ್ಲವೆಂದೂ ಹೇಳುತ್ತಾರೆ. ಮುಕ್ತ ಸಂಶೋಧನೆಯ ಪರವಾಗಿರುವವರು, ರೋಗಗಳಿಗೆ ಗಡಿಯಿಲ್ಲವೆಂದೂ, ಅನುಮತಿಗಾಗಿ ವರ್ಷಗಟ್ಟಲೆ ಕಾಯಿಸಿದರೆ ಕೆಲಸ ಬೇರೆ ದೇಶಕ್ಕೆ ಹೋಗುತ್ತದೆಂದೂ, ಆರೋಪ ಹೊತ್ತ ವಿಜ್ಞಾನಿ ನಿರ್ದೋಷಿಯೆಂದು ತೀರ್ಮಾನವಾದರೂ ಕಳೆದ ವರ್ಷಗಳು ಮರಳುವುದಿಲ್ಲವೆಂದೂ ವಾದಿಸುತ್ತಾರೆ.

ಎರಡೂ ಪಕ್ಷಗಳು ಬಹುಮಟ್ಟಿಗೆ ಒಪ್ಪುವ ಒಂದು ಅಂಶವಿದೆ. ಹಣ ಯಾರದು, ಮಾಹಿತಿ ಎಲ್ಲಿ ಉಳಿಯುತ್ತದೆ, ಅದನ್ನು ಬಳಸುವ ಹಕ್ಕು ಯಾರಿಗಿದೆ ಎಂಬುದು ಕೆಲಸ ಆರಂಭವಾಗುವ ಮುನ್ನವೇ ಲಿಖಿತವಾಗಿ ಬಹಿರಂಗವಾಗಿರಬೇಕು. ಸೊಳ್ಳೆ ಘಟಕ ಮತ್ತು ಹಕ್ಕಿ ವಲಸೆಯ ಪ್ರಕರಣಗಳಲ್ಲಿ ಈ ಪ್ರಶ್ನೆಗಳು ಹಲವು ವರ್ಷಗಳ ಕೆಲಸ ನಡೆದ ಬಳಿಕ ಎದ್ದವು. ಅಷ್ಟರಲ್ಲಿ ಅವುಗಳಿಗೆ ಕೊಟ್ಟ ಉತ್ತರವನ್ನು ನಂಬುವ ವಾತಾವರಣ ಉಳಿದಿರಲಿಲ್ಲ.